ಬಿದಿರ ಕಡವಿನ ದೋಣಿ

ಚಾಮರಾಜಪೇಟೆ
11 ಜುಲೈ 2005

‘ಆಚೆದಡ’ ಆಟ ನಡೆಸುವವರಿಗೆ,

ನಿಮ್ಮ ವಿಳಾಸ ನನ್ನ ಮಗಳ ಮೇಜಿನ ಮೇಲಿದ್ದ ಸಿ.ಡಿ.ಯ ಹೊದಿಕೆಯ ಹಿಂದೆ ಸಿಕ್ಕಿತು. ಶಂಕರಪುರಂ ಎಂದಿದೆ. ನಮ್ಮ ಮನೆಯಿಂದ ನಡೆದೇ ಬರಬಹುದು. ಬಂದು ಮುಖ ನೋಡಿ ಮಾತಾಡುವ ಧೈರ್ಯವಾಗಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಹೆಸರು ಗಂಗರತ್ನಮ್ಮ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನಮಗೆ ಯಮುನಾ ಒಬ್ಬಳೇ ಮಗಳು. ಹೋದ ಫೆಬ್ರವರಿಯಲ್ಲಿ ಜ್ವರ ಬಂತು. ಮೆದುಳಿಗೆ ಏರಿದೆ ಎಂದರು. ವಾರ ತುಂಬುವುದರೊಳಗೆ ಹೋಗಿಬಿಟ್ಟಳು. ಇಪ್ಪತ್ಮೂರು ವರ್ಷ ಅವಳಿಗೆ.

ಮೊನ್ನೆ ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುತ್ತಿದ್ದೆ. ಅವಳ ಗೆಳತಿ ಶಿವಕುಮಾರಿ ಸಿಕ್ಕಳು. ಇಬ್ಬರೂ ಕಂಪ್ಯೂಟರಿನಲ್ಲಿ ನಿಮ್ಮ ಆಟ ಆಡುತ್ತಿದ್ದವರು. ಆ ಹುಡುಗಿ ನನ್ನ ಕೈ ಹಿಡಿದುಕೊಂಡಳು. ಆಮೇಲೆ, “ಆಂಟಿ, ಹೇಳ್ಲೋ ಬೇಡ್ವೋ ಗೊತ್ತಾಗ್ತಿಲ್ಲ. ಯಮುನಾ ಆ ಆಟದಲ್ಲಿ ಇದಾಳೆ. ಹೋದ ವಾರ ದೋಣೀಲಿ ನನ್ನನ್ನ ಹೊಳೆ ದಾಟಿಸಿದ್ಲು. ಏನ್ ಮಾತಾಡ್ಸಿದ್ರೂ ಮಾತಾಡ್ಲಿಲ್ಲ. ಕೂಲಿ ಕೊಟ್ರೆ ತಗೊಳ್ಲಿಲ್ಲ” ಅಂದಳು.

ನಾನು ದೆವ್ವ ಭೂತ ನಂಬುವವಳಲ್ಲ. ಆದರೆ ಅವತ್ತಿನಿಂದ ರಾತ್ರಿ ಕಣ್ಣು ಮುಚ್ಚಿದರೆ ನೀರಿನ ಸದ್ದು ಕೇಳಿಸುತ್ತದೆ. ನನ್ನ ಮಗಳ ಹೆಸರು ಹೊತ್ತು ತಿರುಗುತ್ತಿರುವವರು ಯಾರು ಎಂದು ದಯವಿಟ್ಟು ತಿಳಿಸಿ.

ಇಂತಿ,
ಗಂಗರತ್ನಮ್ಮ


ಶಂಕರಪುರಂ
18 ಜುಲೈ 2005

ಮಾನ್ಯ ಗಂಗರತ್ನಮ್ಮನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಆ ದಿನ ಬೇರೆ ಕೆಲಸ ಮಾಡಲಾಗಲಿಲ್ಲ. ಯಮುನಾ ತೀರಿಕೊಂಡದ್ದು ನಮಗೆ ಗೊತ್ತಿರಲಿಲ್ಲ. ನಾನು ಅವಳನ್ನು ನೋಡಿಲ್ಲ, ಆದರೂ ಆಟ ಶುರುವಾದ ವರ್ಷದಿಂದ ಬಲ್ಲೆ.

ಆಟದಲ್ಲಿ ಒಂದು ಹೊಳೆ ಇದೆ, ಎರಡೂ ದಡದಲ್ಲಿ ಊರುಗಳಿವೆ. ಸೇರಿದವರು ಗದ್ದೆ ಮಾಡುತ್ತಾರೆ, ಮನೆ ಕಟ್ಟುತ್ತಾರೆ, ಸಂತೆ ಮಾಡುತ್ತಾರೆ. ದಾಟಬೇಕಾದವರನ್ನು ದಾಟಿಸಲು ಕೆಲವರು ದೋಣಿ ಇಟ್ಟುಕೊಂಡಿದ್ದಾರೆ. ಬಿದಿರ ಕಡವು ಎಂಬ ದೋಣಿ ಹತ್ತುವ ಜಾಗದಲ್ಲಿ ಯಮುನಾಳ ದೋಣಿ. ಹೊಸಬರಿಗೆ ಹೊಳೆ ದಾಟಲು ಹೇಳಿಕೊಟ್ಟವಳೇ ಅವಳು. ಹಾಗಾಗಿ ಅವಳನ್ನು ತಿಳಿಯದವರು ಅಲ್ಲಿ ಕಡಿಮೆ.

ನೀವು ಕೇಳಿದ್ದಕ್ಕೆ ಉತ್ತರ ನನಗೆ ಗೊತ್ತಿದೆ. ಆ ದೋಣಿ ಎಲ್ಲಿಂದ ನಡೆಯುತ್ತಿದೆ ಎಂದು ಇಲ್ಲಿಂದಲೇ ನೋಡಬಹುದು, ನೋಡಿದೆ. ಆದರೆ ನಿಮಗೆ ಹೇಳಲಾರೆ. ಆಡುವವರು ಯಾರು, ಎಲ್ಲಿ ಕೂತು ಆಡುತ್ತಾರೆ ಎಂಬುದನ್ನು ಇನ್ನೊಬ್ಬರಿಗೆ ಹೇಳುವುದಿಲ್ಲವೆಂದು ಎಲ್ಲರಿಗೂ ಮಾತು ಕೊಟ್ಟಿದ್ದೇವೆ. ಹಿಂದೆ ಒಬ್ಬ ತಂದೆ ತನ್ನ ಮಾತು ಮೀರಿ ಮದುವೆಯಾದ ಮಗಳನ್ನು ಹುಡುಕಿಕೊಂಡು ಇದೇ ಬಾಗಿಲಿಗೆ ಬಂದಿದ್ದರು. ಅವರಿಗೂ ಹೇಳಲಿಲ್ಲ.

ಆ ದೋಣಿಯಲ್ಲಿರುವುದು ದೆವ್ವವಲ್ಲ, ಕೆಟ್ಟ ಉದ್ದೇಶದವರೂ ಅಲ್ಲ. ಇಷ್ಟು ಹೇಳಿದ್ದೇ ಹೆಚ್ಚು.

ವಿಶ್ವಾಸದ,
ತನ್ಮಯಿ


ಚಾಮರಾಜಪೇಟೆ
24 ಜುಲೈ 2005

ತನ್ಮಯಿ ಅವರಿಗೆ,

ಆಟ ನಿಮ್ಮದಿರಬಹುದು, ಮಗಳು ನನ್ನವಳು. ಗೊತ್ತಿದೆ, ಹೇಳಲಾರೆ ಎಂದು ಒಬ್ಬ ತಾಯಿಗೆ ಬರೆಯಲು ನಿಮಗೆ ಹೇಗೆ ಕೈ ಬಂತು?

ನಮ್ಮ ಯಜಮಾನರಿಗೆ ನಿಮ್ಮ ಕಾಗದ ತೋರಿಸಲಿಲ್ಲ. ಶಿವಕುಮಾರಿ ಹೇಳಿದ್ದನ್ನಷ್ಟೇ ಹೇಳಿದೆ. “ಯಾವ್ದೋ ಹುಡುಗ್ರಾಟ, ಬಿಡು” ಅಂದು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ಅವರು ಹಾಗೇ. ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನವೇ ಗೋಡೆಯ ಮೇಲಿದ್ದ ಅವಳ ಫೋಟೋ ಇಳಿಸಿ ಬೀರುವಿನಲ್ಲಿಟ್ಟರು. ಬಟ್ಟೆಗಳನ್ನು ಅನಾಥಾಶ್ರಮಕ್ಕೆ ಕೊಟ್ಟುಬಂದರು. ಆಮೇಲೆ ಅವಳ ಹೆಸರು ಅವರ ಬಾಯಿಂದ ಬಂದದ್ದು ನಾನು ಕೇಳಿಲ್ಲ. ಬೆಳಿಗ್ಗೆ ಮೋಟಾರ್ ರಿವೈಂಡಿಂಗ್ ಅಂಗಡಿ, ಮಧ್ಯಾಹ್ನ ಊಟಕ್ಕೆ ಮನೆ, ಮತ್ತೆ ಅಂಗಡಿ. ಒಂದು ಮನೆಯಲ್ಲಿ ಎರಡು ಕಲ್ಲುಗಳಿದ್ದಂತೆ ಇದ್ದೇವೆ.

ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ. ಕೆಲವು ದಿನ ಸ್ಕೂಲಿನಿಂದ ಬೇಗ ಬಂದಾಗ ಯಮುನಾಳ ಕೋಣೆಯ ಕುರ್ಚಿ ಮೇಜಿನಿಂದ ಹಿಂದೆ ಸರಿದಿರುತ್ತದೆ. ಮುಟ್ಟಿ ನೋಡಿದರೆ ಬೆಚ್ಚಗಿರುತ್ತದೆ. ಬಿಸಿಲಿಗೆ ಇರಬಹುದು ಅಂದುಕೊಳ್ಳುತ್ತೇನೆ. ಆ ಕೋಣೆಗೆ ಬಿಸಿಲು ಬರುವುದಿಲ್ಲ.

ಗಂಗರತ್ನಮ್ಮ


ಶಂಕರಪುರಂ
2 ಆಗಸ್ಟ್ 2005

ಮಾನ್ಯ ಗಂಗರತ್ನಮ್ಮನವರಿಗೆ,

ನಿಮ್ಮ ಕೋಪ ನ್ಯಾಯವಾದದ್ದೇ. ಆದರೂ ನನ್ನ ಉತ್ತರ ಅದೇ.

ಇದರ ಜೊತೆಗೆ ಹೊಸಬರಿಗೆ ಕೊಡುವ ಒಂದು ಸಿ.ಡಿ. ಇಟ್ಟಿದ್ದೇನೆ. ಆಡುವವರು ಒಬ್ಬರನ್ನೊಬ್ಬರು ಏನು ಬೇಕಾದರೂ ಕೇಳಬಹುದು. ಉತ್ತರ ಕೊಡುವುದು ಬಿಡುವುದು ಅವರವರ ಇಷ್ಟ. ನಾನು ಹೇಳಲಾಗದ್ದನ್ನು ಆ ದೋಣಿಯವರೇ ಹೇಳಿದರೆ ಯಾವ ಮಾತೂ ಮುರಿದಂತಾಗುವುದಿಲ್ಲ. ಎಲ್ಲರಂತೆ ನೀವೂ ಒಂದು ಚೀಲ ಬಿತ್ತನೆ ಭತ್ತ, ಒಂದು ಗುದ್ದಲಿಯಿಂದ ಶುರುಮಾಡಬೇಕು. ಬಿದಿರ ಕಡವಿಗೆ ನಡೆದು ಹೋಗಬೇಕು, ಸರದಿಯಲ್ಲಿ ನಿಲ್ಲಬೇಕು. ನಿಮ್ಮನ್ನು ನೇರವಾಗಿ ಅಲ್ಲಿಗೆ ಕಳಿಸುವುದು ನನ್ನ ಕೈಯಲ್ಲಿದೆ. ಕಳಿಸುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ,
ತನ್ಮಯಿ


ಚಾಮರಾಜಪೇಟೆ
19 ಸೆಪ್ಟೆಂಬರ್ 2005

ತನ್ಮಯಿ,

ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳಿರಬೇಕು ನೀನು. ಇನ್ನು ಮೇಲೆ ಏಕವಚನದಲ್ಲೇ ಬರೆಯುತ್ತೇನೆ.

ಯಮುನಾಳ ಕೋಣೆಯಲ್ಲಿರುವ ಕಂಪ್ಯೂಟರ್ ಮುಟ್ಟಲು ಮನಸ್ಸಾಗಲಿಲ್ಲ. ಸ್ಕೂಲು ಬಿಟ್ಟಮೇಲೆ ವಿಶ್ವೇಶ್ವರಪುರದ ಒಂದು ಇಂಟರ್‌ನೆಟ್ ಸೆಂಟರಿಗೆ ಹೋಗುತ್ತಿದ್ದೆ. ನನ್ನ ತಾಯಿಯ ಹೆಸರನ್ನೇ ಇಟ್ಟುಕೊಂಡೆ, ತುಳಸಮ್ಮ ಎಂದು. ದಾರಿ ತಪ್ಪಿದೆ, ಭತ್ತ ಕಳೆದುಕೊಂಡೆ, ಯಾರೋ ಗುರುತಿಲ್ಲದ ಹುಡುಗರು “ಅಮ್ಮಾ, ಈ ಕಡೆ” ಎಂದು ಕರೆದುಕೊಂಡು ಹೋದರು. ಆ ಹೊತ್ತಿಗೆ ದೋಣಿ ಇರುವುದಿಲ್ಲ, ಮಧ್ಯಾಹ್ನವೇ ಹೋಗಿರುತ್ತದೆ ಎಂದು ಅವರೇ ಹೇಳಿದರು. ಒಂದು ದಿನ ಅರ್ಧ ರಜೆ ಹಾಕಿ ಹೋದೆ.

ದಡದಲ್ಲಿ ಬಿದಿರು. ನೀರಿನ ಮೇಲೆ ಮಂಜಿನ ಹಾಗೆ ಏನೋ ಬಿಡಿಸಿದ್ದೀರಿ. ಅದರೊಳಗಿಂದ ದೋಣಿ ಬಂತು. ಮೇಲೆ ಅವಳ ಹೆಸರು. ಸರದಿ ಬಂದಾಗ ಹತ್ತಿದೆ. ಆಗ ಪರದೆಯ ಮೇಲೆ ಒಂದು ಸಾಲು ಮೂಡಿತು: “ಅಂಚಿಗೆ ಕೂರಬ್ಯಾಡಿ. ಬಿಗಿಯಾಗ್ ಹಿಡ್ಕಳವ್ವ.”

ಮೂವತ್ತು ವರ್ಷ ನಮ್ಮ ಯಜಮಾನರ ಸ್ಕೂಟರಿನ ಹಿಂದೆ ಕೂತವಳು ನಾನು. ಪ್ರತಿ ಸಲ ಹತ್ತಿದಾಗ ನನಗೂ ಯಮುನಾಳಿಗೂ ಇದೇ ಮಾತು. ಹಳ್ಳಿ ಬಿಟ್ಟು ಎಷ್ಟು ಕಾಲವಾದರೂ ಆ ‘ಹಿಡ್ಕಳವ್ವ’ ಹೋಗಿಲ್ಲ.

“ನಿಮಗೆ ಮಕ್ಕಳೆಷ್ಟು?” ಎಂದು ಕೇಳಿದೆ. ಹೊಳೆಯ ನಡುಮಧ್ಯೆ ಉತ್ತರ ಬಂತು. “ಒಬ್ಳು ಮಗಳು. ಇಲ್ಲೇ ದೋಣಿ ಬಿಡ್ತಿದ್ಲು.”

ಇಳಿದೆ. ಹಣ ಕೊಟ್ಟೆ, ತೆಗೆದುಕೊಳ್ಳಲಿಲ್ಲ.

ಅವತ್ತು ಸಂಜೆ ಅವರು ಮನೆಗೆ ಬಂದರು, ಕೈಕಾಲು ತೊಳೆದರು, ಸಾರು ಉಪ್ಪಾಗಿದೆ ಅಂದರು. ನಾನು ಮಜ್ಜಿಗೆ ಬಡಿಸಿದೆ.

ನೀನು ಮೊದಲೇ ಹೇಳಿಬಿಟ್ಟಿದ್ದರೆ ನಾನು ಅವರ ಮೇಲೆ ಕೂಗಾಡಿಬಿಡುತ್ತಿದ್ದೆ.

ನಿನ್ನ,
ಗಂಗರತ್ನಮ್ಮ


ಶಂಕರಪುರಂ
7 ನವೆಂಬರ್ 2005

ಅಮ್ಮ,

ನೀವು ಬರೆದ ಮೇಲೆ ಬಹಳ ಸಲ ಕಾಗದ ಶುರುಮಾಡಿ ನಿಲ್ಲಿಸಿದೆ. ಈಗ ಬರೆಯಲೇಬೇಕಾಗಿದೆ.

ಒಂದು ದೂರು ಬಂದಿದೆ. ಕೊಟ್ಟವನು ಕುಶಾಲ್ ಎಂಬ ಹುಡುಗ, ಎಲ್ಲರಿಗೂ ಕಾಣುವ ಹಾಗೆ ಆಟದೊಳಗಿನ ಸಂತೆ ಕಟ್ಟೆಯ ಫಲಕದ ಮೇಲೇ ಹಾಕಿದ್ದಾನೆ. ಎರಡು ವರ್ಷದ ಹಿಂದೆ ಅವನು ಸೈನ್ಯಕ್ಕೆ ಸೇರಿದ ಅಣ್ಣನ ಹೆಸರಿನಲ್ಲಿ ಆಡುತ್ತಿದ್ದ. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಆಡುವಂತಿಲ್ಲ ಎಂದು ಆ ಹೆಸರು ಮುಚ್ಚಿದ್ದೆವು. ಅಣ್ಣ ಕಟ್ಟಿದ ಮನೆ ಹೋಯಿತೆಂದು ಹುಡುಗ ಅತ್ತಿದ್ದ. ಈಗ ಕೇಳುತ್ತಾನೆ: “ಯಮುನಾ ಮಾತಾಡೋ ರೀತಿನೇ ಬೇರೆ. ಆ ದೋಣೀಲಿರೋರು ಅವಳಲ್ಲ ಅಂತ ಕಡವಿನೋರಿಗೆಲ್ಲ ಗೊತ್ತು. ನನಗೊಂದು ನ್ಯಾಯ, ಅವರಿಗೊಂದು ನ್ಯಾಯನಾ?”

ಅವನು ಕೇಳುವುದು ಸರಿಯಾಗಿಯೇ ಇದೆ.

ಇನ್ನೊಂದು ಕಡೆಯಿಂದ ನನ್ನ ಪಾಲುದಾರ ಆತ್ರೇಯ. ಇಬ್ಬರೂ ಒಟ್ಟಿಗೆ ಓದಿದವರು, ಈ ಮನೆಯ ಮಹಡಿಯಲ್ಲಿ ಒಟ್ಟಿಗೆ ಆಟ ಕಟ್ಟಿದವರು. ಹೆಚ್ಚು ದುಡ್ಡು ಕೊಟ್ಟವರಿಗೆ ವೇಗದ ದೋಣಿ, ಒಳ್ಳೆಯ ಗದ್ದೆ ಮಾರಬೇಕು ಎನ್ನುತ್ತಿದ್ದಾನೆ. ಮೊದಲು ಮಾರಬೇಕಾದದ್ದು ಬಿದಿರ ಕಡವು, ಕೊಳ್ಳಲು ಜನ ತಯಾರಿದ್ದಾರಂತೆ. “ಸತ್ತೋರ ಕಡವು ತಾನೇ ತನ್ಮಯಿ, ಯಾರಿಗೆ ಅನ್ಯಾಯ ಆಗತ್ತೆ?” ಎಂದ.

“ದಿನಾ ಸರದೀಲಿ ನಿಲ್ತಾರಲ್ಲ, ಅವರಿಗೆ” ಎಂದೆ. “ಇವತ್ತು ಅದನ್ನ ಮಾರಿದ್ರೆ ನಾಳೆ ತಮ್ಮದನ್ನೂ ಮಾರ್ತಾರೆ ಅಂತ ಅವರಿಗೆ ಗೊತ್ತಾಗತ್ತೆ. ಆಮೇಲೆ ಯಾರು ಮನೆ ಕಟ್ತಾರೆ?”

ಮಾರಲು ಬಿಡುವುದಿಲ್ಲ. ಆದರೆ ಅದೇ ಬಾಯಲ್ಲಿ ಕುಶಾಲನಿಗೆ ಇಲ್ಲ ಎನ್ನಲೂ ಆಗದು. ಆ ದೋಣಿಯವರಿಗೆ ಆಟದೊಳಗೇ ವಿಷಯ ತಿಳಿಸಿದ್ದೇನೆ.

ತನ್ಮಯಿ


ಚಾಮರಾಜಪೇಟೆ
15 ನವೆಂಬರ್ 2005

ತನ್ಮಯಿ,

ಮುಚ್ಚಬೇಡ ಎಂದು ಕೇಳಲಿಕ್ಕೇ ಪೆನ್ನು ಹಿಡಿದೆ. ಅರ್ಧ ಅಂಕ ಸಾಲದೆ ಅಳುತ್ತಾ ನಿಂತ ಎಷ್ಟು ಮಕ್ಕಳನ್ನು ವಾಪಸ್ ಕಳಿಸಿದ್ದೇನೆ ಎಂದು ನೆನಪಾಯಿತು. ಆದರೂ ಕೇಳುತ್ತೇನೆ. ನಾಚಿಕೆ ಬಿಟ್ಟು ಕೇಳುತ್ತೇನೆ. ಸ್ವಲ್ಪ ದಿನ ಬಿಡು.

ವಾರಕ್ಕೊಮ್ಮೆ ಹೋಗುತ್ತೇನೆ. ಈಗ ಅವರು ತುಳಸಮ್ಮನ ಹತ್ತಿರ ಮಾತಾಡುತ್ತಾರೆ. ಯಮುನಾ ಮಗುವಾಗಿದ್ದಾಗ ಕೃಷ್ಣರಾಜ ಮಾರುಕಟ್ಟೆಯ ಜನಸಂದಣಿಯಲ್ಲಿ ಕೈ ಬಿಟ್ಟು ಹೋಗಿದ್ದಳಂತೆ, ಇವರು ಹುಚ್ಚರ ಹಾಗೆ ಓಡಾಡಿದರಂತೆ. ಕೊನೆಗೆ ಸೇವಂತಿಗೆ ರಾಶಿಯ ಹಿಂದೆ ಕೂತು ನಗುತ್ತಿದ್ದಳಂತೆ. ನನಗೆ ಇದು ಗೊತ್ತೇ ಇರಲಿಲ್ಲ. ಬೈಯುತ್ತೇನೆಂದು ಅಪ್ಪ ಮಗಳು ಸೇರಿ ಮುಚ್ಚಿಟ್ಟಿದ್ದರು.

ಫೋಟೋದ ವಿಷಯವನ್ನೂ ಹೇಳಿದರು. “ನಮ್ಮನೆಯವ್ಳು ಅದರ ಮುಂದೆ ನಿಂತ್ರೆ ನಿಂತೇ ಇರೋಳು. ಒಲೆ ಮೇಲೆ ಹಾಲು ಉಕ್ಕಿದ್ರೂ ಗೊತ್ತಾಗ್ತಿರ್ಲಿಲ್ಲ. ಅದಕ್ಕೇ ತೆಗೆದಿಟ್ಟೆ. ನನ್ನನ್ನ ಕಟುಕ ಅಂದ್ಕಂಡವ್ಳೆ. ಅಂದ್ಕಳ್ಳಿ, ಅನ್ನ ತಿಂದ್ರೆ ಸಾಕು.”

ಆ ಸೆಂಟರಿನಲ್ಲಿ ಅಕ್ಕಪಕ್ಕ ಕಾಲೇಜು ಹುಡುಗರು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದೆ.

ಗಂಗರತ್ನಮ್ಮ


ಶಂಕರಪುರಂ
12 ಡಿಸೆಂಬರ್ 2005

ಅಮ್ಮ,

ತೀರ್ಮಾನ ಮಾಡಿದ್ದೇನೆ. ಸಂಕ್ರಾಂತಿ ಕಳೆದ ಮೇಲಿನ ಮೊದಲ ಸೋಮವಾರ ಆ ಹೆಸರು ಮುಚ್ಚುತ್ತೇವೆ. ಕಾರಣ ಸಹಿತ ಸಂತೆ ಕಟ್ಟೆಯಲ್ಲಿ ಹಾಕಿದ್ದೇನೆ. ಯಮುನಾ ತೀರಿಕೊಂಡಳೆಂದೂ ಹಾಕಿದ್ದೇನೆ, ದೋಣಿಯವರೇ ಅದಕ್ಕೆ ಒಪ್ಪಿದರು. ತಾವು ಯಾರೆಂದು ಹೇಳುವುದು ಬೇಡ ಎಂದರು, ಹೇಳಿಲ್ಲ.

ಅದನ್ನು ಓದಿ ಕುಶಾಲ್ ದೂರು ವಾಪಸ್ ತೆಗೆದುಕೊಳ್ಳುತ್ತೇನೆಂದು ಓಡಿ ಬಂದ. ಇನ್ನು ಆಗುವುದಿಲ್ಲ, ತೀರ್ಮಾನ ಹೊರಬಿದ್ದಾಗಿದೆ ಎಂದೆ. ಮಹಡಿ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಹೋಗಲೇ ಇಲ್ಲ.

ಆದರೆ ಅವನ ಮಾತಿನಿಂದ ಒಂದು ಒಳ್ಳೆಯದಾಯಿತು. ಇನ್ನೊಬ್ಬರ ಹೆಸರಿನಲ್ಲಿದ್ದಾಗ ತಾವು ದುಡಿದು ಗಳಿಸಿದ್ದನ್ನು ಸ್ವಂತ ಹೆಸರಿಗೆ ಬರೆಸಿಕೊಂಡು ಹೊಸಬರಾಗಿ ಶುರುಮಾಡಬಹುದು ಎಂದು ನಿಯಮ ಮಾಡಿದೆವು. ಕುಶಾಲನಿಗೂ ಅದು ಅನ್ವಯಿಸುತ್ತದೆ, ಅವನ ಪಾಲು ಅವನಿಗೆ ಬಂತು. ದೋಣಿಯವರು ಯಾರಿಂದಲೂ ಕೂಲಿ ತೆಗೆದುಕೊಂಡಿಲ್ಲವಾದ್ದರಿಂದ ಅವರಿಗೆ ಬರೆಸಿಕೊಳ್ಳಲು ಏನೂ ಇಲ್ಲ. ಭತ್ತ, ಗುದ್ದಲಿ, ಅಷ್ಟೆ.

ಕಡವು ಯಾರೊಬ್ಬರದೂ ಅಲ್ಲ, ಎಲ್ಲರದು ಎಂದಾಗಿದೆ. ಆತ್ರೇಯ ತನ್ನ ಪಾಲು ಬಿಡಿಸಿಕೊಂಡು ಹೊರಟ. ಬೇರೆ ಆಟ ಮಾಡುತ್ತಾನಂತೆ. ಗೇಟಿನವರೆಗೆ ಹೋಗಿ ಕಳಿಸಿ ಬಂದೆ.

ಸ್ವಲ್ಪ ದಿನ ಎಂದು ಕೇಳಿದ್ದಿರಿ. ನಾನು ಕೊಡಬಹುದಾದದ್ದು ಸಂಕ್ರಾಂತಿಯವರೆಗೆ, ಅದೂ ಯಾರ ಹೆಸರು ಮುಚ್ಚುವಾಗಲೂ ಕೊಡುವ ಅವಧಿಯೇ. ಕ್ಷಮಿಸಿ.

ತನ್ಮಯಿ


ಚಾಮರಾಜಪೇಟೆ
18 ಜನವರಿ 2006

ತನ್ಮಯಿ,

ಮೊನ್ನೆ ಸೋಮವಾರ ರಜೆ ಹಾಕಿದೆ. ಇಂಟರ್‌ನೆಟ್ ಸೆಂಟರಿನ ಕಡೆ ಹೊರಟವಳು ಸಜ್ಜನ್ ರಾವ್ ಸರ್ಕಲ್ಲಿನವರೆಗೆ ಹೋಗಿ ವಾಪಸ್ ತಿರುಗಿದೆ. ಮನೆಗೇ ಬಂದೆ.

ಅವಳ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವರು ಬೆನ್ನು ಮಾಡಿ ಕೂತಿದ್ದರು. ಅಂಗಡಿಯ ಗ್ರೀಸು ಅಂಟಿದ ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದರು. ನನ್ನ ಹೆಜ್ಜೆ ಕೇಳಿಸಿರಬೇಕು. ಬೆಚ್ಚಿ ಬೀಳಲಿಲ್ಲ, ತಿರುಗಲಿಲ್ಲ.

“ಸ್ಟೂಲ್ ಎಳ್ಕೊಂಡು ಕೂತ್ಕೊ” ಅಂದರು. “ಇವತ್ತು ಬಾಳ ಜನ ಅವ್ರೆ.”

ಕೂತೆ. ದಡದ ತುಂಬ ಜನ. ನೀನೂ ಇದ್ದಿರಬೇಕು. ಶಿವಕುಮಾರಿ ಇದ್ದಳು, ಆ ಕುಶಾಲ್ ಇದ್ದ. ಯಾರೂ ನುಗ್ಗಲಿಲ್ಲ. ಒಬ್ಬೊಬ್ಬರಾಗಿ ಹತ್ತಿದರು, ಆಚೆ ಇಳಿದು ನಿಂತರು, ಯಾರೂ ಹೊರಟು ಹೋಗಲಿಲ್ಲ. ಕೊನೆಗೆ ಈಚೆ ದಡ ಖಾಲಿಯಾಯಿತು.

“ಒಬ್ರು ತುಳಸಮ್ಮ ಅಂತ ಬರೋರು. ಇವತ್ತು ಬರ್ಲಿಲ್ಲ” ಅಂದರು.

“ಬಂದಿದೀನಲ್ಲ” ಅಂದೆ.

ಕೈ ಕೀಲಿಮಣೆಯ ಮೇಲೇ ನಿಂತಿತು. ನನ್ನ ಮುಖ ನೋಡಲಿಲ್ಲ. ಅಷ್ಟರಲ್ಲಿ ಪರದೆಯ ಮೇಲೆ ಅವಳ ಹೆಸರು ಮಾಸಿ ಹೋಯಿತು. ನೀರು ಮಾತ್ರ ಹರಿಯುತ್ತಿತ್ತು. ಅವರು ಹೆಗಲ ಟವೆಲಿನಲ್ಲಿ ಮುಖ ಒತ್ತಿಕೊಂಡರು. ಆಸ್ಪತ್ರೆಯಲ್ಲಿ, ಸ್ಮಶಾನದಿಂದ ಬಂದ ಮೇಲೆ, ಯಾವಾಗಲೂ ಬರದ ಅಳು ಅವತ್ತು ಬಂತು. ನಾನು ಅವರ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ.

ಸಂಜೆ ಇಬ್ಬರೂ ಅವಳ ಫೋಟೋ ಇದ್ದ ಬೀರು ತೆಗೆದೆವು.

ಗಂಗರತ್ನಮ್ಮ


ಚಾಮರಾಜಪೇಟೆ
8 ಸೆಪ್ಟೆಂಬರ್ 2008

ಆಚೆದಡ ಆಟದ ವ್ಯವಸ್ಥಾಪಕರಿಗೆ ದೊಡ್ಡಬೈರಪ್ಪನ ನಮಸ್ಕಾರಗಳು.

ಮಗಳ ಹೆಸರು ಮುಚ್ಚಿದ ಮೇಲೆ ನಾನು, ಎರಡು ವರ್ಷದ ಮೇಲಾಯಿತು, ನನ್ನ ಹೆಸರಿನಲ್ಲಿಯೇ ಆಡುತ್ತಿದ್ದೇನೆ. ಈ ಯುಗಾದಿಗೆ ದೋಣಿ ಮಾಡಿಕೊಂಡೆ. ನನ್ನ ದೂರುಗಳು ಎರಡು.

ಹೋದ ವಾರ ಬಿದಿರ ಕಡವಿನಲ್ಲಿ ದೋಣಿಗಳ ಸರದಿ ಹೊಸದಾಗಿ ಹಾಕಿದಿರಿ. ನನ್ನದು ಮೊದಲಿದೆ. ನನಗಿಂತ ಹಳಬರು ಹಿಂದಿದ್ದಾರೆ. ನಮ್ಮ ಮನೆಯ ವಿಷಯ ಗೊತ್ತಿರುವವರು ಯಾರೋ ಕನಿಕರದಿಂದ ಮಾಡಿದ್ದರೆ ಅದು ನನಗೆ ಬೇಡ. ನನ್ನನ್ನು ಎಲ್ಲಿಡಬೇಕೋ ಅಲ್ಲಿಡಿ.

ಎರಡನೆಯದು. ನೀರು ತಿಳಿಯಾಗಿರುವಾಗ ಕಡವಿನಲ್ಲಿ ನಿಂತರೆ ಆಚೆ ದಡದಲ್ಲಿ ಒಂದು ದೋಣಿ ಕಾಣುತ್ತದೆ. ಒಳಗೆ ಲಾಟೀನು ಉರಿಯುತ್ತಿರುತ್ತದೆ, ಜನ ಇಲ್ಲ. ನಾನು ಅಲ್ಲಿಗೆ ಹೋದರೆ ಇರುವುದಿಲ್ಲ. ತಿರುಗಿ ನೋಡಿದರೆ ನಾನು ಬಿಟ್ಟು ಬಂದ ದಡದಲ್ಲಿರುತ್ತದೆ. ಅದು ಯಮುನಾಳ ದೋಣಿ. ಅದರ ಚುಕ್ಕಾಣಿಗೆ ಅವಳು ಕಟ್ಟಿದ್ದ ಕೆಂಪು ಬಟ್ಟೆ ನನಗೆ ಗುರುತಿದೆ. ಆ ಹೆಸರು ಮುಚ್ಚಿದ್ದೇವೆ ಎಂದಿರಿ. ಮೋಟಾರಿನ ತಂತಿ ಬಿಚ್ಚಿ ಸುತ್ತುವುದು ನನ್ನ ಕಸುಬು. ತಂತಿ ಬಿಚ್ಚಿದ ಮೇಲೆ ಅದು ತಿರುಗಬಾರದು. ದೋಷವಾಗಿದ್ದರೆ ಸರಿಪಡಿಸುವುದು ನಿಮ್ಮ ಧರ್ಮ. ಬೇರೆಯವರ ದೋಣಿಯಾಗಿದ್ದರೆ ಏನು ಮಾಡುತ್ತಿದ್ದಿರೋ ಅದನ್ನೇ ಮಾಡಿ.

ಇಂತಿ,
ದೊಡ್ಡಬೈರಪ್ಪ


ಶಂಕರಪುರಂ
15 ಸೆಪ್ಟೆಂಬರ್ 2008

ಮಾನ್ಯ ದೊಡ್ಡಬೈರಪ್ಪನವರಿಗೆ ನಮಸ್ಕಾರಗಳು.

ಸರದಿಯಲ್ಲಿ ಕನಿಕರವಿಲ್ಲ. ಯಾರು ಹೆಚ್ಚು ಹೊಸಬರನ್ನು ದಾಟಿಸಿದ್ದಾರೋ ಅವರು ಮೊದಲು. ನೀವೇ ಹೆಚ್ಚು ದಾಟಿಸಿದ್ದೀರಿ. ಆತ್ರೇಯ ಮಾಡಿದ್ದ ಆಟ ಹೋದ ತಿಂಗಳು ನಿಂತಿತು. ಅಲ್ಲಿ ದುಡ್ಡಿದ್ದವರು ಗೆದ್ದರು, ಉಳಿದವರು ಒಬ್ಬೊಬ್ಬರಾಗಿ ಬಿಟ್ಟರು, ಕೊನೆಗೆ ಗೆದ್ದವರಿಗೂ ಆಡಲು ಜನರಿರಲಿಲ್ಲ. ನೀವು ಈಚೆಗೆ ದಾಟಿಸುತ್ತಿರುವ ಎಷ್ಟೋ ಜನ ಅಲ್ಲಿಂದ ಬಂದವರೇ.

ಎರಡನೆಯದು ನಮ್ಮ ದೋಷ. ಹೆಸರು ಮುಚ್ಚುವಾಗ ಖಾಲಿ ದೋಣಿಯ ಚಿತ್ರವೊಂದು ಅಳಿಯದೆ ಉಳಿದಿದೆ. ಕಡವಿನಲ್ಲಿ ನಿಂತ ಎಲ್ಲರಿಗೂ ಅದು ಕಾಣುತ್ತಿತ್ತು. ಇಷ್ಟು ಕಾಲ ಯಾರೂ ಒಂದು ಮಾತು ಹೇಳಲಿಲ್ಲ, ಯಾಕೆಂದು ನಿಮಗೂ ಹೊಳೆದೀತು. ದೂರು ಬಂದ ಮೇಲೆ ನಾವು ಸರಿಪಡಿಸಲೇಬೇಕು. ಮುಂದಿನ ಸೋಮವಾರ ಅಳಿಸುತ್ತೇವೆ.

ತೀರ್ಮಾನ ಸಂತೆ ಕಟ್ಟೆಗೆ ಹೋಗುವ ಮೊದಲು ದೂರು ಕೊಟ್ಟವರು ಹಿಂತೆಗೆದುಕೊಂಡರೆ ನಾವು ಅದನ್ನು ಮುಟ್ಟುವುದಿಲ್ಲ. ಇದು ಮೊದಲಿನಿಂದ ಎಲ್ಲರಿಗೂ ಇರುವ ನಿಯಮ, ನಿಮಗಾಗಿ ಮಾಡಿದ್ದಲ್ಲ.

ವಿಶ್ವಾಸದ,
ತನ್ಮಯಿ


ಚಾಮರಾಜಪೇಟೆ
18 ಸೆಪ್ಟೆಂಬರ್ 2008

ಮಾನ್ಯರೇ,

ನನ್ನ ಎರಡನೆಯ ದೂರನ್ನು ಹಿಂತೆಗೆದುಕೊಂಡಿದ್ದೇನೆ. ನಿನ್ನೆ ನಮ್ಮ ಮನೆಯವರೂ ಪಕ್ಕದಲ್ಲಿ ಕೂತು ನೋಡಿದರು. ಇಬ್ಬರಿಗೂ ಆ ಲಾಟೀನು ಕಂಡಿತು.

ಇಂತಿ,
ದೊಡ್ಡಬೈರಪ್ಪ